ಮುಳ್ಳು ಬಂಪರಿನ ಲಾರಿ ಅಣ್ಣಯ್ಯ

ಲಾರಿ ಅಣ್ಣಯ್ಯನ ಎರಡು ಕೈಗೆ ಎರಡು ಬಣ್ಣ. ಎಡಗೈಯ ಹೆಬ್ಬೆರಳಿನ ಉಗುರಿನ ಸುತ್ತ ಯಾವಾಗಲೂ ಬಿಳಿ ಸುಣ್ಣ ಮೆತ್ತಿಕೊಂಡಿರುತ್ತಿತ್ತು. ಬಲಗೈಯ ಗೆರೆಗಳಲ್ಲಿ ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಕಪ್ಪು ಗ್ರೀಸು. ಊಟಕ್ಕೆ ಕುಳಿತಾಗ ಆ ಕಪ್ಪು ಕೈಯನ್ನೇ ಅನ್ನಕ್ಕೆ ಹಾಕುವುದು ನೋಡಿ ನನಗೆ ಮೊದಮೊದಲು ಅಸಹ್ಯವಾಗುತ್ತಿತ್ತು. ಮೀನಿನ ವಾಸನೆಯಲ್ಲೇ ಹುಟ್ಟಿ ಬೆಳೆದ ನನಗೆ ಇನ್ನೊಬ್ಬರ ಕೈ ಕಂಡು ಅಸಹ್ಯಪಡುವ ಹಕ್ಕಿರಲಿಲ್ಲ, ಆದರೂ ಆಗುತ್ತಿತ್ತು. ನಿಜ ಹೇಳಬೇಕೆಂದರೆ ಅದು ಅಸಹ್ಯವೂ ಅಲ್ಲ, ದ್ವೇಷ. ನನ್ನ ಗಂಡ ಸತ್ತದ್ದು ಅವರ ಲಾರಿಯ ಅಡಿಯಲ್ಲಿ.

ಅಣ್ಣಯ್ಯ ಎಂದರೆ ನನ್ನ ಒಡಹುಟ್ಟಿದವರಲ್ಲ, ದಾಯಾದಿಯೂ ಅಲ್ಲ. ಎಲ್ಲರೂ ಹಾಗೆ ಕರೆಯುತ್ತಿದ್ದರು, ಕೊನೆಗೆ ನಾನೂ ಕರೆದೆ. ತಲ್ಲೂರಿನಲ್ಲಿ ಹೆದ್ದಾರಿಗೆ ತಾಗಿದಂತೆ ಅವರದೊಂದು ತಗಡಿನ ಶೆಡ್ಡು, ಅದರ ಹಿಂದೆ ಹಂಚಿನ ಮನೆ, ನಡುವೆ ಬಾವಿ. ಶೆಡ್ಡಿನಲ್ಲಿ ಒಂದು ಹಳೆಯ ಮಿಲಿಟರಿ ಲಾರಿ. ಸೈನ್ಯದವರು ಸಾಕೆಂದು ಹರಾಜು ಹಾಕಿದ್ದನ್ನು ಎಲ್ಲಿಂದಲೋ ತಂದು ತಾವೇ ಬಿಚ್ಚಿ, ತಾವೇ ಜೋಡಿಸಿ, ತಾವೇ ಓಡಿಸುತ್ತಿದ್ದರು. ಕಾಡಿನ ಬದಿಯಿಂದ ಮರ ಎಳೆಯುವುದು, ಗದ್ದೆಯಲ್ಲಿ ಹೂತ ಗಾಡಿಗಳನ್ನು ಮೇಲೆತ್ತುವುದು, ಮಳೆಗಾಲಕ್ಕೆ ಮೊದಲು ನಮ್ಮ ಕಡಲ ಬದಿಯ ದೋಣಿಗಳನ್ನು ಮರಳಿನ ಮೇಲೆ ಎಳೆದು ಗಾಳಿಮರದ ಬುಡಕ್ಕೆ ಸೇರಿಸುವುದು ಅದರ ಕೆಲಸ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅಂಥ ಲಾರಿ ಇನ್ನೊಂದಿಲ್ಲ ಎಂದು ಅವರು ಹೇಳುತ್ತಿದ್ದರು. ಇತ್ತೋ ಏನೋ, ನಾನು ಹುಡುಕಲು ಹೋಗಲಿಲ್ಲ.

ನಾನು ಮದುವೆಯಾಗಿ ಮರವಂತೆಯ ಬಡಗು ಬದಿಯ ಕೇರಿಗೆ ಬಂದದ್ದು 1997ರಲ್ಲಿ. ಆ ಬೇಸಿಗೆಯ ಕೊನೆಯಲ್ಲೇ ಆ ಲಾರಿಯನ್ನು ಮೊದಲು ಕಂಡೆ. ಅದಕ್ಕೂ ಹಿಂದೆ ದೋಣಿ ಎಳೆಯುವುದೆಂದರೆ ಕೇರಿಯ ಗಂಡಸರೆಲ್ಲ ಹಗ್ಗ ಹಿಡಿದು, ಒಬ್ಬ ಕೂಗಿದ್ದಕ್ಕೆ ಉಳಿದವರು ದನಿಗೂಡಿಸಿ ಜಗ್ಗುವುದು. ಆಮೇಲೆ ದೋಣಿ ದೊಡ್ಡದಾಯಿತು, ಎಂಜಿನ್ ಬಂತು, ಅರ್ಧ ಗಂಡಸರು ಮುಂಬಯಿಯ ಹೋಟೆಲು ಸೇರಿದರು. ಎಳೆಯುವ ಕೈ ಸಾಲದೆ ಲಾರಿ ಬಂತು. ಲಾರಿ ಬಂದರೂ ಹಳೆಯ ರೂಢಿ ಹೋಗಲಿಲ್ಲ. ದೋಣಿ ಮೇಲೇರುವಾಗ ಪಾಲುದಾರನ ಮೈ ಅದಕ್ಕೆ ತಾಗಿರಬೇಕು, ಸುಮ್ಮನೆ ನಿಂತು ನೋಡಿದವನ ಬಲೆಗೆ ಮುಂದಿನ ವರ್ಷ ಮೀನು ಬೀಳುವುದಿಲ್ಲ ಎನ್ನುವುದು ನಮ್ಮವರ ನಂಬಿಕೆ. ಲಾರಿ ಎಳೆಯುವಾಗ ಮೈ ಎಲ್ಲಿ ತಾಗಿಸುವುದು? ಅದಕ್ಕೂ ಒಂದು ದಾರಿ ಕಂಡುಕೊಂಡರು.

ಒದ್ದೆ ಮರಳಿನಲ್ಲಿ ಭಾರದ ದೋಣಿ ಹಿಂದಿನಿಂದ ಜಗ್ಗಿದಾಗ ಲಾರಿಯ ಮೂತಿ ಹಗುರಾಗಿ ಮುಂದಿನ ಚಕ್ರಗಳು ಸುಮ್ಮನೆ ತಿರುಗುತ್ತವೆ. ಆಗ ಏಳೆಂಟು ಗಂಡಸರು ಓಡಿ ಹೋಗಿ ಮುಂದಿನ ಬಂಪರಿನ ಮೇಲೆ ಹತ್ತಿ ಕೂರುವುದು. ಮೂತಿ ಕೆಳಗಿಳಿಯುತ್ತದೆ, ಚಕ್ರ ಮರಳನ್ನು ಕಚ್ಚುತ್ತದೆ, ದೋಣಿ ಮೇಲೇರುತ್ತದೆ. ಮೈ ತಾಗಿಸಿದ ಹಾಗೂ ಆಯಿತು, ಕೆಲಸವೂ ಆಯಿತು. ನನ್ನವರು ಯಾವಾಗಲೂ ಮೊದಲು ಹತ್ತುವವರು. ಗಟ್ಟಿ ಆಳು, ದೊಡ್ಡ ಬಾಯಿ, ಸುಮ್ಮನಿರುವ ನಾಲ್ಕು ಜನರನ್ನು ನಗಿಸದಿದ್ದರೆ ಊಟ ಸೇರುತ್ತಿರಲಿಲ್ಲ. ಅವರ ಆ ಬಾಯಿಯನ್ನೇ ಕಂಡು ನಾನು ಮದುವೆಗೆ ಒಪ್ಪಿದ್ದು.

ಮಗಳು ಹುಟ್ಟಿ ಇನ್ನೂ ನೆಟ್ಟಗೆ ಕೂರಲು ಕಲಿತಿರಲಿಲ್ಲ. ಆ ವರ್ಷ ಮಳೆಗೆ ಮೊದಲೇ ಕಡಲು ಎದ್ದಿತು. ನನ್ನವರಿಗೆ ಪಾಲಿದ್ದ ದೊಡ್ಡ ದೋಣಿ ಇನ್ನೂ ತೆರೆಯ ಬಾಯಲ್ಲಿತ್ತು. ಲಾರಿ ಎಳೆಯಿತು, ಚಕ್ರ ಸುತ್ತಿತು, ಗಂಡಸರು ಬಂಪರು ಹತ್ತಿದರು. ಮುಂದಿನ ಆಕ್ಸಲ್ಲಿನ ಎಡಗಡೆಯ ತುದಿ ಕಡಿದು ಚಕ್ರ ಮಡಚಿಕೊಂಡು, ಲಾರಿ ಎಡಕ್ಕೆ ಕುಸಿಯಿತು. ಬೇರೆಯವರು ಹಾರಿಕೊಂಡರು. ನನ್ನವರು ಕುಳಿತದ್ದು ಎಡ ತುದಿಯಲ್ಲಿ. ದೊಡ್ಡ ಆಸ್ಪತ್ರೆಗೆಂದು ಕಾರಿನಲ್ಲಿ ಒಯ್ದರು. ಸಾಲಿಗ್ರಾಮ ದಾಟುವ ಮೊದಲೇ ಮುಗಿದಿತ್ತು. ನಾನಾಗ ಗಂಗೊಳ್ಳಿಯಲ್ಲಿ ಮೀನಿನ ಬುಟ್ಟಿಯ ಎದುರು ಕುಳಿತಿದ್ದೆ.

ಕೇರಿಯಲ್ಲಿ ಒಂದೇ ಮಾತು. ಕೇರಿಯ ಗಂಡಸರು ಎಷ್ಟೋ ಸಲ ಬಂಪರು ಹತ್ತಿದ್ದಾರೆ, ಯಾವತ್ತೂ ಮುರಿಯದ್ದು ಈಗ ಮುರಿಯಿತು ಎಂದರೆ ಆಕ್ಸಲ್ಲು ಮೊದಲೇ ಬಿರುಕು ಬಿಟ್ಟಿರಬೇಕು, ಲಾರಿಯವ ನೋಡಿಕೊಳ್ಳಲಿಲ್ಲ. ಅಂದು ಬಂಪರಿನ ಮೇಲಿದ್ದವರೂ ಹಾಗೇ ಹೇಳಿದರು. ನನ್ನ ಅತ್ತೆ ಎದೆ ಬಡಿದುಕೊಂಡು ಹಾಗೇ ಹೇಳಿದರು. ಪೊಲೀಸರು ಬಂದು ಕೇಳಿದಾಗ ಲಾರಿಯವರು ಇಲ್ಲ ಎನ್ನಲಿಲ್ಲ. ಠಾಣೆಯಲ್ಲೂ ಕೇರಿಯಲ್ಲೂ ಅವರು ಹೇಳಿದ್ದು ಅದೇ: ಹಳೆಯ ಬಿರುಕಿತ್ತು, ನನ್ನ ತಪ್ಪು.

ಸೂತಕ ಕಳೆದ ಮೇಲೆ ನಾನು ತಲ್ಲೂರಿಗೆ ಹೋದೆ. ಬೈಯಬೇಕೆಂದೇ ಹೋದದ್ದು. ಶೆಡ್ಡಿನ ಬಾಗಿಲಲ್ಲಿ ನಿಂತು ಕೇಳಿದೆ:

"ನಿಮ್ ಲಾರಿ ಎಂತಕ್ ಮುರೀತ್? ಅದೊಂದ್ ಹೇಳಿ ನಂಗೆ."

ಅವರು ಕೈಯಲ್ಲಿದ್ದ ಬೋಲ್ಟು ತಿರುಗಿಸುವ ಪಾನ ಕೆಳಗಿಟ್ಟರು. "ಹಳೆ ಬಿರುಕ್ ಇದ್ದಿತ್ ತಂಗಿ. ನಾನ್ ಸಮಾ ಕಾಣ್ಲಿಲ್ಲ."

"ಸುಣ್ಣ ಹಚ್ಚಿ ಕಾಂತ್ರಿ ಅಂಬ್ರಲೆ ಎಲ್ಲರೂ?"

"ಆ ವರ್ಷ ಹಚ್ಲಿಲ್ಲ."

"ನಿಮ್ ಕೈ ಮುರ್ದ್ ಹೋಯ್ಲಿ."

"ಹೂಂ," ಎಂದರು. ಎದುರು ಮಾತಾಡಿದ್ದರೆ ನನಗೆ ಜಗಳವಾಡಿ ಒಡಲ ಉರಿ ಕಡಿಮೆಯಾಗುತ್ತಿತ್ತು. ಹೂಂ ಎಂದವರ ಹತ್ತಿರ ಜಗಳವಾಡುವುದು ಹೇಗೆ? ಅಳುತ್ತಾ ಬಸ್ಸು ಹತ್ತಿದೆ.

ಆ ಸುಣ್ಣದ ವಿಷಯ ಹೇಳಿಬಿಡುತ್ತೇನೆ. ಕಬ್ಬಿಣದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅವರು ಆಕ್ಸಲ್ಲನ್ನು ತೊಳೆದು ಒಣಗಿಸಿ, ಮೈಗೆಲ್ಲ ಸೀಮೆಎಣ್ಣೆ ಸವರುತ್ತಿದ್ದರು. ಬಿರುಕಿದ್ದರೆ ಎಣ್ಣೆ ಒಳಗಿಳಿಯುತ್ತದೆ. ಆಮೇಲೆ ಮೇಲಿನ ಎಣ್ಣೆಯನ್ನು ಒರೆಸಿ ತೆಗೆದು, ನೀರಿನಲ್ಲಿ ಕಲಸಿದ ಸುಣ್ಣವನ್ನು ತೆಳ್ಳಗೆ ಬಳಿಯುವುದು. ಸುಣ್ಣ ಒಣಗುತ್ತಿದ್ದಂತೆ ಒಳಗಿದ್ದ ಎಣ್ಣೆ ಹೊರಗೆ ಬಂದು, ಬಿರುಕಿದ್ದಲ್ಲಿ ಒದ್ದೆ ಗೆರೆ ಮೂಡುತ್ತದೆ. ಕಡಲ ಕೆಲಸಕ್ಕೆ ಲಾರಿ ಇಳಿಸುವ ಮೊದಲು ಹೀಗೆ ನೋಡುವುದು, ಕೆಲಸ ಮುಗಿಸಿ ಬಂದ ಮೇಲೆ ತಾವು ಕೈಕಾಲು ತೊಳೆಯುವ ಮೊದಲು ಬಾವಿ ನೀರು ಸೇದಿ ಆಕ್ಸಲ್ಲಿನ ಉಪ್ಪು ತೊಳೆಯುವುದು ಅವರ ಪದ್ಧತಿ. ಈ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಅದಕ್ಕೇ ಆ ಒಂದು ವರ್ಷ ಹಚ್ಚಲಿಲ್ಲ ಎಂದದ್ದು ನನ್ನ ಎದೆಗೆ ಅಷ್ಟು ಚುಚ್ಚಿತು.

ಹೊಟ್ಟೆಪಾಡು ಯಾರ ಸಿಟ್ಟನ್ನೂ ಕೇಳುವುದಿಲ್ಲ. ಗಂಗೊಳ್ಳಿಯಲ್ಲಿ ಮಾರುವವರು ಹೆಚ್ಚಾಗಿ ನಾನು ತಲ್ಲೂರಿಗೆ ಬುಟ್ಟಿ ಹೊತ್ತು ಬರತೊಡಗಿದೆ. ಬಸ್ಸು ನಿಲ್ಲುವಲ್ಲಿ ನೆರಳು ಎಂದರೆ ಆ ಶೆಡ್ಡಿನದೊಂದೇ. ಹಟದಿಂದ ಬಿಸಿಲಲ್ಲೇ ಕೂರುತ್ತಿದ್ದೆ, ಬಂಗುಡೆ ಬಾಡುತ್ತಿತ್ತು. ಒಂದು ದಿನ ಬಂದು ನೋಡಿದರೆ ಶೆಡ್ಡಿನ ಮಾಡು ರಸ್ತೆಯ ಕಡೆಗೆ ಎರಡು ತಗಡಿನಷ್ಟು ಮುಂದೆ ಚಾಚಿಕೊಂಡಿತ್ತು. ನೆರಳು ಸರಿಯಾಗಿ ನಾನು ಕೂರುವ ಜಾಗಕ್ಕೆ ಬೀಳುತ್ತಿತ್ತು. ಅವರ ಹೆಂಡತಿ ಒಂದು ಕೊಡ ನೀರು ತಂದಿಟ್ಟು, "ಮೀನಿಗ್ ಚಿಮ್ಕ್‌ಸ್‌ಕಾ ಹೆಣ್ಣೆ," ಎಂದು ಹೋದರು. ಅವರನ್ನು ನಾನು ಅತ್ತಿಗೆ ಎಂದು ಕರೆದದ್ದು ಆವತ್ತಿನಿಂದ. ಅಣ್ಣಯ್ಯ ಎಂಬ ಮಾತು ಬಾಯಿಗೆ ಬರಲು ಮತ್ತೂ ಒಂದು ಮಳೆಗಾಲ ಬೇಕಾಯಿತು.

ಹೀಗೆ ಕುಳಿತು ಕುಳಿತು ಕಡಲ ಬದಿಯ ಯಾವ ಹೆಂಗಸಿಗೂ ಬೇಡದ ವಿದ್ಯೆಯೊಂದು ನನಗೆ ಬಂತು. ಫೋರ್ ವೀಲ್ ಗಾಡಿಯ ಮುಂದಿನ ಆಕ್ಸಲ್ಲಿನಷ್ಟು ಪಾಪದ್ದು ಬೇರೆ ಇಲ್ಲ. ಭಾರ ಹೊರಬೇಕು, ಎಡಬಲಕ್ಕೆ ತಿರುಗಬೇಕು, ಸಾಲದ್ದಕ್ಕೆ ಗಾಡಿಯನ್ನು ಎಳೆಯಲೂ ಬೇಕು. ಹಿಂದಿನ ಆಕ್ಸಲ್ಲಿಗೆ ಆ ತಿರುಗುವ ಕೆಲಸವಿಲ್ಲ. ಮನೆಗೆ ಹೊಸದಾಗಿ ಬಂದ ಸೊಸೆಗೆ ಎಲ್ಲರೂ ಎಲ್ಲ ಕೆಲಸ ಹೇಳಿದ ಹಾಗೆ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಅಣ್ಣಯ್ಯ ಎಲೆ ಜಗಿಯುವುದನ್ನು ನಿಲ್ಲಿಸಿ ನಕ್ಕಿದ್ದರು. ಅವರು ನಕ್ಕದ್ದು ನಾನು ಕಂಡದ್ದು ಬಹಳ ಕಡಿಮೆ.

ಶೆಡ್ಡಿನ ಗೋಡೆಯ ಬುಡದಲ್ಲಿ ತೆಂಗಿನ ದಿಮ್ಮಿಗಳ ಮೇಲೆ ಬೇರೆ ಬೇರೆ ಗಾಡಿಯ ಆಕ್ಸಲ್ಲುಗಳು ಮಲಗಿರುತ್ತಿದ್ದವು. ಗುಜರಿಯಿಂದ, ಹರಾಜಿನಿಂದ ತಂದವು. ಒಂದು ದೊಡ್ಡ ಲಾರಿಯದು, ಕೊಳವೆ ದಪ್ಪ, ಆದರೆ ಚಕ್ರ ತಿರುಗುವ ಸಂದು ಸಣ್ಣದು. ಇನ್ನೊಂದು ಜೀಪಿನ ಜಾತಿಯದು, ಹಗುರ. ಮತ್ತೊಂದರ ಸಂದು ಗುಂಡು ಚೆಂಡಿನ ಹಾಗೆ ಮುಚ್ಚಿಕೊಂಡಿದ್ದು, ಮರಳು ಒಳಗೆ ಹೋಗದು, ಆದರೆ ಉಪ್ಪುನೀರು ಹೊಕ್ಕರೆ ಹೊರಗೂ ಬಾರದು. ಒಂದೊಂದನ್ನೇ ಲಾರಿಗೆ ಕಟ್ಟಿ ಅವರು ಪರೀಕ್ಷೆ ಮಾಡುತ್ತಿದ್ದರು. ಬಂಪರಿನೆದುರು ಒಂದು ಕಬ್ಬಿಣದ ಪೆಟ್ಟಿಗೆ ಕೂರಿಸಿ ಅದರಲ್ಲಿ ಕೆಂಪುಕಲ್ಲು ತುಂಬುವುದು. ಒಬ್ಬ ಗಂಡಸಿಗೆ ಎರಡು ಕಲ್ಲು ಎಂದು ಲೆಕ್ಕ. ಕಲ್ಲು ತುಂಬಿದ ಲಾರಿಯನ್ನು ಹಲಗೆ ಹತ್ತಿಸಿ ದೊಪ್ಪನೆ ಕೆಳಗಿಳಿಸಿ, ಮತ್ತೆ ಬಿಚ್ಚಿ, ಸೀಮೆಎಣ್ಣೆ ಸವರಿ, ಸುಣ್ಣ ಬಳಿದು ಕಾಯುವುದು. ಬೇರೆಯವರು ಕಾಸು ಬರುವ ಕೆಲಸ ಬಿಟ್ಟು ಇದೆಂಥ ಮರುಳು ಎನ್ನುತ್ತಿದ್ದರು. ಎರಡೆರಡು ಕಲ್ಲು ಎತ್ತಿಡುವಾಗ ಅವರು ಯಾರನ್ನು ಎತ್ತಿಡುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಆ ಕಡೆ ನೋಡುತ್ತಿರಲಿಲ್ಲ.

ಕೆಲವು ಮುರಿಯುತ್ತಿದ್ದವು. ಮುರಿದದ್ದನ್ನು ಬೆಳಕಿಗೆ ಹಿಡಿದು ಅವರು ಬಹಳ ಹೊತ್ತು ನೋಡುತ್ತಿದ್ದರು. ಒಮ್ಮೆ ನನಗೂ ತೋರಿಸಿದರು.

"ಕಾಣ್ ತಂಗಿ. ಈ ಬದಿ ಕಪ್ಪ್. ಇಲ್ಲಿ ಮೊದ್ಲೇ ಬಿರುಕ್ ಬಿದ್ದ್, ನೀರ್ ಹೋಯ್, ತುಕ್ಕ್ ಹಿಡ್ದಿತ್ತ್. ಈ ಬದಿ ಬೆಳ್ಳಿ ಕಂಡಂಗೆ ಕಾಂತತ್ತಲೆ, ಇದ್ ಇವತ್ ಮುರ್ದದ್ದ್."

"ಮೀನಿನ ಕಿವಿರ್ ಕಂಡಂಗೆ," ಎಂದೆ ನಾನು. ಕಿವಿರು ಎತ್ತಿದರೆ ಕೆಂಪಗಿದ್ದದ್ದು ಇವತ್ತಿನದು, ಕಂದಿದ್ದು ನಿನ್ನೆಯದು. ಎಷ್ಟು ಮಂಜುಗಡ್ಡೆ ಹಾಕಿದರೂ ಕಿವಿರು ಸುಳ್ಳು ಹೇಳುವುದಿಲ್ಲ.

"ಹೌದ್, ಹಂಗೇ," ಎಂದರು. ಆಮೇಲೆ ಯಾಕೋ ಆ ತುಂಡನ್ನು ಅವಸರದಲ್ಲಿ ಮೂಲೆಗೆ ಎಸೆದರು. ಮತ್ತೆಂದೂ ನನಗೆ ಮುರಿದದ್ದನ್ನು ತೋರಿಸಲಿಲ್ಲ. ನನಗೆ ನೋವಾಗುತ್ತದೆ ಎಂದಿರಬೇಕು ಅಂದುಕೊಂಡೆ.

ಅವರ ಬೆಂಚಿನ ಅಡಿಯಲ್ಲಿ ಒಂದು ಗಂಟಿತ್ತು. ಗೋಣಿ ಸುತ್ತಿ, ಮೇಲಿಂದ ಚಕ್ರದ ಟ್ಯೂಬಿನ ರಬ್ಬರು ಸುತ್ತಿ ಬಿಗಿದು ಕಟ್ಟಿದ್ದು. ಆವತ್ತು ಮುರಿದ ತುಂಡೇ ಅದು ಎಂದು ಯಾರೂ ಹೇಳದಿದ್ದರೂ ನನಗೆ ತಿಳಿದಿತ್ತು. ಒಮ್ಮೆ ಕೇಳಿಯೇ ಬಿಟ್ಟೆ. "ಅದನ್ ಕಾಂಬುದ್ ಬ್ಯಾಡ," ಎಂದರು. ಅಷ್ಟು ಗಡುಸಾಗಿ ಅವರು ನನ್ನ ಹತ್ತಿರ ಮಾತಾಡಿದ್ದು ಅದೊಂದೇ ಸಲ. ತಮ್ಮ ತಪ್ಪನ್ನು ನನಗೆ ತೋರಿಸಲು ನಾಚಿಕೆ ಎಂದು ನಾನು ಸುಮ್ಮನಾದೆ.

ಕಡಲ ಕೆಲಸವನ್ನು ಅವರು ಪೂರ್ತಿ ಬಿಡಲಿಲ್ಲ. ನಡುವೆ ಬಿಟ್ಟಿದ್ದರು. ಆಮೇಲೆ ಕೇರಿಯವರೇ ಬಂದು ಕರೆದರು. ಬಯ್ಯುವುದು ಬಯ್ದೇ ಬಯ್ದರು, ದೋಣಿ ಎಳೆಯಲು ಬೇರೆ ಯಾರಿದ್ದಾರೆ? ಹೊರಡುವ ಹಿಂದಿನ ದಿನ ಅವರು ಬಂಪರಿನ ಉದ್ದಕ್ಕೂ ಗೇಣುದ್ದದ ಚೂಪು ಸರಳುಗಳನ್ನು ವೆಲ್ಡಿಂಗ್ ಮಾಡಿಸಿದರು. ಯಾರೂ ಕೂರುವ ಹಾಗಿಲ್ಲ. ಭಾರಕ್ಕೆ ಪೆಟ್ಟಿಗೆಯ ತುಂಬ ಕಲ್ಲು. ಕೇರಿಯ ಹಿರಿಯರಿಗೆ ಸಿಟ್ಟು ಬಂತು. ಪಾಲುದಾರನ ಮೈ ತಾಗದೆ ದೋಣಿ ಮೇಲೇರುವುದುಂಟೇ? ಅಣ್ಣಯ್ಯ ಹಗ್ಗದ ಒಂದು ತುದಿಯನ್ನು ಲಾರಿಯಿಂದ ದೂರ, ದೋಣಿಯ ಹಿಂದಕ್ಕೆ ಬಿಟ್ಟು, "ಮೈ ತಾಗ್ಸೂದಾರೆ ಅಲ್ಲಿ ತಾಗ್ಸಿ. ನನ್ ಲಾರಿ ಎದ್ರಿಗ್ ಬಪ್ಪುದ್ ಬ್ಯಾಡ," ಎಂದರು. ಅಂದಿನಿಂದ ಅದಕ್ಕೆ ಮುಳ್ಳು ಬಂಪರಿನ ಲಾರಿ ಎಂದು ಹೆಸರು ಬಿತ್ತು.

ಇಷ್ಟು ಹೊತ್ತಿಗೆ ಆಕ್ಸಲ್ಲಿನ ವಿಷಯದಲ್ಲಿ ಅವರ ಮಾತಿಗೆ ಬೆಲೆ ಬಂದಿತ್ತು. ಕೊಲ್ಲೂರಿನಿಂದ ಕೊಡಚಾದ್ರಿಗೆ ಜನ ಹತ್ತಿಸುವ ಜೀಪಿನವರು ಇಳಿದು ಬಂದು ಯಾವುದು ಗಟ್ಟಿ ಎಂದು ಕೇಳುತ್ತಿದ್ದರು. ಅಂಥವನೊಬ್ಬ ಬಂದು, ದಪ್ಪ ಕೊಳವೆಯ ಆಕ್ಸಲ್ಲಿನ ಮೇಲೆ ಕಾಲಿಟ್ಟು ನಿಂತು, ಇದನ್ನೇ ನನ್ನ ಜೀಪಿಗೆ ಕೂರಿಸಿ ಕೊಡಿ ಎಂದ.

"ಈಗ ಎಷ್ಟ್ ಜನ ಹತ್ಸ್ತೆ?" ಅಣ್ಣಯ್ಯ ಕೇಳಿದರು.

"ಎಂಟ್. ರಜಿ ಟೈಮಗೆ ಹತ್ತ್ ಹನ್ನೆರ್ಡ್."

"ಇದನ್ ಹಾಕ್ರೆ?"

"ಇದನ್ ಹಾಕ್ರೆ ಮತ್ ನಾಕ್ ಜನ ಹತ್ರೂ ಅಡ್ಡಿಲ್ಲ ಅಣ್ಣಯ್ಯ."

"ಹಂಗಾರೆ ನಿಂಗ್ ಇದ್ ಬ್ಯಾಡ. ಈಗ ಇಪ್ಪುದೇ ಇರ್ಲಿ. ಎಂಟೇ ಜನ ಹತ್ಸ್."

ಅವನು ಹೆಚ್ಚು ಕೊಡುತ್ತೇನೆಂದ, ಬೇಡಿಕೊಂಡ, ಕೊನೆಗೆ ಬೈದುಕೊಂಡು ಹೋದ. ಅವನ ಜೀಪು ಸೇತುವೆ ದಾಟುವವರೆಗೂ ನೋಡುತ್ತಿದ್ದು ಅಣ್ಣಯ್ಯ ನನಗೆ ಹೇಳಿದರು: "ಗಟ್ಟಿ ಎಷ್ಟ್ ಅಂದೇಳಿ ಎಲ್ಲರೂ ಕೇಣ್ತ್ರ್. ಮುರ್ದ್ರೆ ಅಡಿಗ್ ಯಾರ್ ಇರ್ತ್ರ್ ಅಂದೇಳಿ ಒಬ್ರೂ ಕೇಣುದಿಲ್ಲ." ಅವರ ಮಾತುಗಳಲ್ಲಿ ನನ್ನ ನೆನಪಿನಲ್ಲಿ ಅಚ್ಚೊತ್ತಿ ನಿಂತದ್ದು ಇ‌ದೊಂದು.

ಇನ್ನೊಂದು ಅವರು ನನ್ನ ಮಗಳಿಗೆ ಹೇಳಿದ್ದು. ಅವಳಾಗ ಮೂರನೇ ಕ್ಲಾಸೋ ನಾಲ್ಕನೆಯದೋ. ಶಾಲೆಗೆ ರಜೆಯಿದ್ದ ದಿನ ನನ್ನ ಜೊತೆ ಬಂದು ಶೆಡ್ಡಿನ ನೆರಳಲ್ಲಿ ಆಡಿಕೊಂಡಿರುತ್ತಿದ್ದಳು. ಅಣ್ಣಯ್ಯನನ್ನು ಮಾವ ಎಂದು ಕರೆಯುತ್ತಿದ್ದಳು. ಶಾಲೆಯಲ್ಲಿ ಯಾರೋ ಏನೋ ಅಂದಿರಬೇಕು, ಒಂದು ದಿನ ನೇರ ಅವರ ಎದುರು ಹೋಗಿ ನಿಂತಳು.

"ಮಾವ, ನನ್ ಅಪ್ಪಯ್ಯ ನಿಮ್ ಲಾರಿ ಅಡಿಗ್ ಬಿದ್ ಸತ್ತದ್ದಾ?"

ನನ್ನ ಕೈಯಲ್ಲಿದ್ದ ಕತ್ತಿ ಹಾಗೇ ನಿಂತಿತು. ಅಣ್ಣಯ್ಯ ಕೈ ಒರೆಸಿಕೊಂಡು ಅವಳ ಎದುರು ನೆಲದ ಮೇಲೆ ಕುಳಿತರು.

"ಹೌದ್ ಮಗಾ. ನನ್ ಆಕ್ಸಲ್ ಸಮಾ ಇರ್ಲಿಲ್ಲ. ನಾನ್ ಕಾಣ್ಕಿತ್ತ್, ಕಾಣ್ಲಿಲ್ಲ. ನಿನ್ ಅಪ್ಪಯ್ಯಂದ್ ಎಂತದೂ ತಪ್ಪಿಲ್ಲ. ಯಾರ್ ಕೇಂಡ್ರೂ ಹಂಗೇ ಹೇಳ್."

ಮಗಳು ತಲೆಯಾಡಿಸಿ ಆಟಕ್ಕೆ ಓಡಿದಳು. ಅವರು ಅಲ್ಲೇ ಕುಳಿತಿದ್ದರು. ನನ್ನೊಳಗೆ ಉಳಿದಿದ್ದ ಸಿಟ್ಟು ಆವತ್ತು ಪೂರ್ತಿ ಹೋಯಿತು. ಒಂದು ಮಗುವಿನ ಎದುರು ನೆಲಕ್ಕೆ ಕುಳಿತು ತಪ್ಪು ಒಪ್ಪಿಕೊಂಡ ಮನುಷ್ಯನನ್ನು ಇನ್ನೆಷ್ಟು ದಿನ ಬೈಯುವುದು? ಮಾಫಿ ಮಾಡಿದೆ ಎಂದುಕೊಂಡೆ, ಮನಸ್ಸು ಹಗುರವಾಯಿತು. ನನ್ನ ದೊಡ್ಡತನ ನನಗೇ ಹಿತವಾಗಿತ್ತು.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದಾಗ ಶೆಡ್ಡಿನ ಮುಂಭಾಗ ಹೋಯಿತು, ನನ್ನ ನೆರಳೂ ಹೋಯಿತು. ಅಷ್ಟರಲ್ಲಿ ಅಣ್ಣಯ್ಯನಿಗೆ ಸಕ್ಕರೆ ಕಾಯಿಲೆ ಬಲವಾಗಿ ಕಾಲಿನ ಗಾಯ ಮಾಯದೆ ಹಾಸಿಗೆ ಹಿಡಿದಿದ್ದರು. ನಾನು ದಿನಾ ಮೀನು ಮಾರಿ ಮುಗಿಸಿ ಒಳಗೆ ಹೋಗಿ ಒಂದು ಗಳಿಗೆ ಕೂರುತ್ತಿದ್ದೆ. ಕಾಣೆ ಮೀನಿನ ತೆಳು ಸಾರು ಮಾಡಿ ಒಯ್ದರೆ ಎರಡು ತುತ್ತು ಉಣ್ಣುತ್ತಿದ್ದರು. ಕೆಲಸವಿಲ್ಲದೆ ಅವರ ಬಲಗೈ ಬಿಳುಚಿಕೊಂಡು ಗೆರೆಯೆಲ್ಲ ಚೊಕ್ಕಟವಾಗಿತ್ತು. ಅದನ್ನು ನೋಡಿದಾಗ ಇನ್ನು ಬಹಳ ದಿನವಿಲ್ಲ ಎಂದು ನನಗನ್ನಿಸಿತು. ಮಳೆಗಾಲ ಬಿಡುವ ಹೊತ್ತಿಗೆ ತೀರಿಕೊಂಡರು. ಕಡೆಯ ದಿನಗಳಲ್ಲಿ ಅವರು ನನ್ನ ಹತ್ತಿರ ಕೇಳಿದ್ದು ಮಗಳು ಮುಂದೆ ಏನು ಓದುತ್ತಾಳೆ ಎಂಬುದನ್ನು ಮಾತ್ರ.

ಉತ್ತರಕ್ರಿಯೆಯ ಊಟದ ದಿನ, ಬೊಜ್ಜದ ದಿನ, ಅಡುಗೆಗೆ ಕೈಹಾಕಲು ಬೆಳಿಗ್ಗೆಯೇ ಹೋಗಿದ್ದೆ. ಅತ್ತಿಗೆ ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋಗಿ ಬೆಂಚಿನ ಅಡಿಯ ಗಂಟನ್ನು ತೋರಿಸಿದರು.

"ಇದನ್ ಎಂತ ಮಾಡುದ್ ಹೆಣ್ಣೆ? ಗುಜ್ರಿಗ್ ಹಾಕುಕ್ ಮನಸ್ ಬತ್ತಿಲ್ಲ. ಪ್ರತಿ ಮಳಿಗಾಲಕ್ ಮೊದ್ಲ್ ಗ್ರೀಸ್ ಬದ್ಲ್ ಮಾಡಿ ಕಟ್ಟಿ ಇಡ್ತಿದ್ರ್. ಬೇರೆ ಆಕ್ಸಲ್ ತಂದಾಗೆಲ್ಲ ಇದನ್ ತೆಗ್ದ್ ಬದಿಯಗ್ ಇಟ್ಕಂಡ್ ಕಾಂತಿದ್ರ್."

ನಾನು ಗಂಟು ಬಿಚ್ಚಿದೆ. ರಬ್ಬರು, ಗೋಣಿ, ಅದರೊಳಗೆ ಗ್ರೀಸಿನಲ್ಲಿ ಮುಳುಗಿದ ಕಬ್ಬಿಣ. ಲಾರಿಯ ಆಕ್ಸಲ್ಲಿನ ಎಡ ತುದಿ. ಸೆರಗಿನಿಂದ ಮುರಿದ ಬಾಯಿಯನ್ನು ಒರೆಸಿದೆ. ಕಲ್ಲುಪ್ಪು ಒಡೆದ ಹಾಗೆ ಬೆಳ್ಳಗೆ ಹೊಳೆಯಿತು. ಸುತ್ತ ಒರೆಸಿದೆ, ಬೆಳಕಿಗೆ ತಿರುಗಿಸಿ ನೋಡಿದೆ, ಮತ್ತೆ ಒರೆಸಿದೆ. ಈ ಅಂಚಿನಿಂದ ಆ ಅಂಚಿನವರೆಗೆ ಎಲ್ಲೂ ಒಂದು ಉಗುರಿನಷ್ಟೂ ಕಪ್ಪಿರಲಿಲ್ಲ. ಹೊರ ಮೈಯ ಸಂದಿನಲ್ಲಿ, ಬೋಲ್ಟಿನ ತಲೆಗಳ ನಡುವೆ, ಒಣಗಿ ಗಟ್ಟಿಯಾದ ಸುಣ್ಣ ಅಂಟಿಕೊಂಡಿತ್ತು.

"ಅತ್ತಿಗೆ, ಆ ವರ್ಷ ಸುಣ್ಣ ಹಚ್ಲಿಲ್ಲ ಅಂದಿದ್ರ್ ಅಣ್ಣಯ್ಯ."

"ಹಚ್ಚದೆ ಎಂತ? ಹಿಂದಿನ್ ದಿನ ನಾನೇ ಸುಣ್ಣ ಕಲ್ಸಿ ಕೊಟ್ಟದ್ದ್. ಒಂದ್ ಗೆರೆ ಬಿದ್ದಿರ್ಲಿಲ್ಲ."

"ಮತ್ ಎಂತಕ್ ಸುಳ್ಳ್ ಹೇಳ್ರ್?"

ಅತ್ತಿಗೆ ಬಿಚ್ಚಿದ ಗೋಣಿಯನ್ನು ಮಡಚುತ್ತಾ ಹೇಳಿದರು: "ನಿಜ ಹೇಳ್ರೆ ತಪ್ಪ್ ಯಾರ್ ಮೇಲ್ ಹೋತಿತ್ ಹೇಳ್? ನಾನೂ ಕೇಂಡಿದ್ದೆ. ಗಂಡನ್ ಕಳ್ಕಂಡವ್ಳ್ ಅವ್ನ್ ಹೆಸ್ರನ್ನೂ ಕಳ್ಕಂಬುದ್ ಬ್ಯಾಡ ಅಂದ್ರ್. ಅಲ್ದೆ, ಜನ ಮೇಲಿಪ್ಪುದ್ ಕಂಡೂ ಕ್ಲಚ್ ಬಿಟ್ಟದ್ ನನ್ ಕಾಲಲ್ದಾ ಅಂದ್ರ್. ಮತ್ ಆ ಮಾತ್ ಎತ್ತುಕ್ ಬಿಡ್ಲಿಲ್ಲ."

ಹಳೆಯ ಬಿರುಕಿಲ್ಲ ಎಂದರೆ ಆಕ್ಸಲ್ಲು ಮುರಿದದ್ದು ಮಿತಿ ಮೀರಿ ಹತ್ತಿದ ಜನರ ಭಾರಕ್ಕೆ. ಆವತ್ತು ಬಂಪರಿಗೆ ಅಷ್ಟು ಜನ ಹತ್ತಿಸಿದವರು ಯಾರೆಂದು ಅತ್ತಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನವರ ಬಾಯಿ ನನಗೆ ಗೊತ್ತು. ಆ ಬಾಯಿ ಕರೆದರೆ ಯಾರೂ ಕೆಳಗೆ ನಿಲ್ಲುತ್ತಿರಲಿಲ್ಲ. ನಾನು ಆ ಎಣ್ಣೆ ನೆಲದ ಮೇಲೆ ಕುಳಿತು ಅತ್ತೆ. ಯಾರಿಗಾಗಿ ಅಳುತ್ತಿದ್ದೇನೆ ಎಂದು ಕೇಳಿದ್ದರೆ ಹೇಳಲು ಆಗುತ್ತಿರಲಿಲ್ಲ. ನಾನು ಮಾಫಿ ಮಾಡಿದೆ ಎಂದುಕೊಂಡಿದ್ದೆನಲ್ಲ, ಅದನ್ನು ನೆನೆದು ನಾಚಿಕೆಯಾಯಿತು.

ಹೊರಗೆ ಅಂಗಳದಲ್ಲಿ ಕೇರಿಯವರು ಊಟಕ್ಕೆ ಬಂದು ಕುಳಿತಿದ್ದರು. ದೋಣಿಯ ಹಿರಿಯರಿದ್ದರು, ಅಂದು ಬಂಪರಿನಿಂದ ಹಾರಿಕೊಂಡವರಿದ್ದರು, ನನ್ನ ಮಗಳೂ ಅತ್ತಿಗೆಯ ಮನೆಯ ಹುಡುಗಿಯರ ಜೊತೆ ನೀರು ಬಡಿಸುತ್ತಿದ್ದಳು. ಅಣ್ಣಯ್ಯ ಇಷ್ಟು ವರ್ಷ ಮುಚ್ಚಿಟ್ಟದ್ದು ಅವಳಿಗಾಗಿಯೂ ಹೌದು. ಗಂಟನ್ನು ಮೊದಲಿನ ಹಾಗೆ ಕಟ್ಟಿಟ್ಟರೆ ಅವರ ಮಾತು ಉಳಿಯುತ್ತಿತ್ತು. ಆದರೆ ಆ ಮನೆಯ ಅಂಗಳದಲ್ಲಿ ಕುಳಿತು, ಅವರದೇ ಅನ್ನ ಉಣ್ಣುತ್ತಾ, ಪಾಪ ಒಳ್ಳೆಯವ, ಆ ಒಂದು ತಪ್ಪು ಬಿಟ್ಟರೆ ಎಂದು ಯಾರೋ ಹೇಳಿದ್ದು ಶೆಡ್ಡಿನ ಒಳಗೆ ನನಗೆ ಕೇಳಿಸಿತು.

ಬುಟ್ಟಿ ಹೊರುವ ಸಿಂಬೆಯನ್ನು ತಲೆಗಿಟ್ಟು, ಅತ್ತಿಗೆಯ ಕೈ ಹಿಡಿಸಿ ಆ ಕಬ್ಬಿಣವನ್ನು ತಲೆಯ ಮೇಲಿಟ್ಟುಕೊಂಡೆ. ಗ್ರೀಸು ಕಿವಿಯ ಮೇಲೆ ಇಳಿಯಿತು. ಅಂಗಳಕ್ಕೆ ಹೋಗಿ ಎಲೆಗಳ ಸಾಲಿನ ನಡುವೆ ಇಳಿಸಿದೆ.

"ಕಿವಿರ್ ಕಾಂಬುಕೆ ಬತ್ತಲೆ ನಿಮ್ಗೆಲ್ಲ? ಇದನ್ನೂ ಕಾಣಿ. ಹಳೆ ಬಿರುಕ್ ಎಲ್ಲಿತ್ತ್ ತೋರ್ಸಿ," ಎಂದೆ.

ದೋಣಿಯ ಹಿರಿಯರೊಬ್ಬರು ಎಲೆ ಬಿಟ್ಟು ಎದ್ದು ಬಂದು, ಮುರಿದ ಬಾಯಿಯ ಮೇಲೆ ಹೆಬ್ಬೆರಳು ಸವರಿದರು. ಆಗ ಅಂದು ಬಂಪರಿನ ಮೇಲಿದ್ದವರಲ್ಲಿ ಒಬ್ಬ, ಈಗ ತಲೆ ನರೆತವ, ಕುಳಿತಲ್ಲಿಂದಲೇ ತಗ್ಗಿಸಿದ ತಲೆ ಎತ್ತದೆ ಹೇಳಿದ:

"ಇಳಿನಿ ಇಳಿನಿ ಅಂದೇಳಿ ಅಣ್ಣಯ್ಯ ಕೂಗಿದ್ರ್. ನಾವ್ ಇಳೀತಿದ್ದಿತ್. ಇಳೂದ್ ಬ್ಯಾಡ, ದೋಣಿ ಹೋತತ್ತ್ ಅಂದದ್..." ಆಗ ತಲೆ ಎತ್ತಿ ನನ್ನ ಕಡೆ ನೋಡಿದ.

"ನನ್ ಗಂಡ," ಎಂದು ನಾನೇ ಹೇಳಿದೆ.

ಮಗಳು ನೀರಿನ ಚೊಂಬು ಹಿಡಿದು ನಿಂತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವಳು ಚೊಂಬನ್ನು ಜಗಲಿಯ ಮೇಲಿಟ್ಟು, ಶೆಡ್ಡಿಗೆ ಹೋಗಿ ಗೋಣಿ ತಂದಳು. ಅಷ್ಟು ಜನರ ಎದುರು ಕುಕ್ಕರುಗಾಲಲ್ಲಿ ಕುಳಿತು, ನಾನು ಒರೆಸಿ ತೆಗೆದ ಜಾಗಕ್ಕೆಲ್ಲ ಮತ್ತೆ ಗ್ರೀಸು ಸವರಿ, ಮೊದಲಿದ್ದ ಹಾಗೆ ಸುತ್ತಿ ಕಟ್ಟಿದಳು.

ಆ ಗಂಟು ಈಗ ನಮ್ಮ ಮನೆಯಲ್ಲಿದೆ. ಪ್ರತಿ ಮಳೆಗಾಲಕ್ಕೆ ಮೊದಲು ಬಿಚ್ಚಿ ಗ್ರೀಸು ಬದಲಿಸಬೇಕು. ಕಳೆದ ವರ್ಷ ನನಗೆ ಹುಷಾರಿಲ್ಲದೆ ಮರೆತೇ ಹೋಗಿತ್ತು. ಮಳೆ ಹಿಡಿದ ಮೇಲೆ ನೆನಪಾಗಿ ಬಿಚ್ಚಿ ನೋಡಿದರೆ ಹೊಸ ಗ್ರೀಸಿತ್ತು. ಮಗಳು ಮರೆತಿರಲಿಲ್ಲ.